ರೆಂಡಿಟ್ಟಾ, ಎಚ್-ಇಂಡೆಕ್ಸ್ ಮತ್ತು ಒಬ್ಬ ಆರ್‌ಎನ್‌ಎ ವಿಜ್ಞಾನಿಯ ದಾರಿ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜಿಗೆ ಮುಂಚೆ, ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಲಾಟಿನಿಂದ ಲಾಟಿಗೆ ಓಡಾಡುತ್ತಾರೆ. ಒಂದು ಗೂಡು ಎತ್ತಿಕೊಂಡು ಹೆಬ್ಬೆರಳಲ್ಲಿ ಅದುಮಿ ಗಟ್ಟಿ ನೋಡುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುತ್ತಾರೆ. ಆಮೇಲೆ ಬೆಲೆ. ಆದರೆ ಆ ಬೆಲೆ ಅಂದಾಜು. ಗೂಡು ಬಿಸಿನೀರಿನಲ್ಲಿ ಬೆಂದು, ಎಳೆ ಸಿಕ್ಕಿ, ನೂಲು ಬಿಚ್ಚಿ ಮುಗಿದು ತೂಕ ಹಾಕಿದಾಗಲೇ ನಿಜ ತಿಳಿಯುವುದು. ಒಂದು ಕಿಲೋ ಕಚ್ಚಾ ರೇಷ್ಮೆ ಬರಲು ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕಕ್ಕೆ ರೆಂಡಿಟ್ಟಾ ಅನ್ನುತ್ತಾರೆ. ಆರೂವರೆ ಬಂದರೆ ಸಂತೋಷ. ಒಂಬತ್ತು ಬಂದರೆ ಅವತ್ತು ಮನೆಯಲ್ಲಿ ಮಾತು ಕಡಿಮೆ.

ನಾನು ಈ ಕಡೆಯ ಪದವಿ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಮೊಬೈಲ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ರೀಲರ್ ಮನೆಯ ಹುಡುಗಿ, ಎಂ.ಎಸ್ಸಿ. ಸೇರಬೇಕೆಂಬ ಹಂಬಲ. ಕಟಲಿನ್ ಕರಿಕೊ ಎಂಬ ಆರ್‌ಎನ್‌ಎ ವಿಜ್ಞಾನಿಯ ಬಗ್ಗೆ ಓದುತ್ತಾ ಓದುತ್ತಾ ಬರೀ ಅಂಕಿಗಳಿದ್ದ ಪುಟವೊಂದಕ್ಕೆ ಹೋಗಿ ಸಿಕ್ಕಿಕೊಂಡಿದ್ದಳು. ಒಟ್ಟು ಉಲ್ಲೇಖ ಇಷ್ಟು, ಎಚ್-ಇಂಡೆಕ್ಸ್ ಇಷ್ಟು. ಬೇರೆ ವಿಜ್ಞಾನಿಗಳು ಇವರ ಪ್ರಬಂಧಗಳನ್ನು ಎಷ್ಟು ಸಲ ಎತ್ತಿಕೊಂಡಿದ್ದಾರೆ ಎಂಬುದರ ಲೆಕ್ಕ ಅದು.

"ಮೇಡಂ, ಎಚ್-ಇಂಡೆಕ್ಸ್ ಎಷ್ಟಿದ್ರೆ ಒಳ್ಳೇ ಸೈಂಟಿಸ್ಟ್ ಅಂತಾರೆ?"

"ನಿಮ್ಮಪ್ಪ ರೆಂಡಿಟ್ಟಾ ಲೆಕ್ಕ ಹಾಕೋದು ಯಾವಾಗಮ್ಮ?"

"ನೂಲು ಬಿಚ್ಚಿದ್ಮೇಲೆ."

"ಹರಾಜಲ್ಲಿ ಗೊತ್ತಾಗಲ್ವಾ?"

"ಅಲ್ಲಿ ಹೆಂಗೆ ಗೊತ್ತಾಗುತ್ತೆ ಮೇಡಂ, ಅಂದಾಜಷ್ಟೇ."

ಅವತ್ತು ಅವಳಿಗೆ ಅರ್ಧ ಗಂಟೆಯಲ್ಲಿ ಹೇಳಲಾಗಿದ್ದು ಅರ್ಧ ಮಾತ್ರ. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬ ವಿಜ್ಞಾನಿಯ ಹೆಸರಿನ ಮುಂದಿರುವ ಅಂಕಿಯನ್ನು ಓದಬೇಕಾದರೆ ಆ ಅಂಕಿ ಯಾವ ಕೆಲಸದ ಹಿಂದೆ, ಎಷ್ಟು ತಡವಾಗಿ ಬಂತು ಎಂಬುದು ಗೊತ್ತಿರಬೇಕು. ಅದಕ್ಕೆ ಆರ್‌ಎನ್‌ಎ ಎಂದರೇನೆಂದು ಒಂದಿಷ್ಟಾದರೂ ತಿಳಿದಿರಬೇಕು. ಅಲ್ಲಿಂದಲೇ ಶುರು ಮಾಡೋಣ.

ಪಠ್ಯಪುಸ್ತಕದ ಚಿತ್ರಕ್ಕಿಂತ ನಮಗೆ ಹುಳುವೇ ಹತ್ತಿರ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ ಎದ್ದ ರೇಷ್ಮೆಹುಳು ಸುಮಾರು ಒಂದು ವಾರ ಹಗಲು ರಾತ್ರಿ ಎನ್ನದೆ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಆಗ ಹುಳುಮನೆಯೊಳಗೆ ನಿಂತರೆ ಹೆಂಚಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ ಸದ್ದು. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ಹಿಂದಿನ ದಿನ ಅಂಥ ಒಂದು ಹುಳುವನ್ನು ಉಪ್ಪುನೀರಿನ ತಟ್ಟೆಯಲ್ಲಿಟ್ಟು ಬೆನ್ನಿನ ಮೇಲೆ ಸೀಳಿ ಬಿಡಿಸಿದರೆ, ಕರುಳಿನ ಎರಡೂ ಪಕ್ಕ ಗಾಜಿನ ಕೊಳವೆಯಂತೆ ಹೊಳೆಯುವ ಎರಡು ಗ್ರಂಥಿಗಳು ಕಾಣುತ್ತವೆ. ನಡುವೆ ದಪ್ಪ, ಹಿಂದಕ್ಕೆ ಹೋದಂತೆ ಸಣ್ಣಗಾಗಿ ಸುರುಳಿ ಸುರುಳಿ. ಚಿಮ್ಮಟದಲ್ಲಿ ಎತ್ತಿದರೆ ಜಾರುತ್ತದೆ, ಹರಿದರೆ ಅಂಟಂಟಾಗಿ ಎಳೆ ಬರುತ್ತದೆ. ರೇಷ್ಮೆ ಎಳೆಯ ಮುಖ್ಯ ಪ್ರೋಟೀನಾದ ಫೈಬ್ರಾಯಿನ್ ತಯಾರಾಗುವುದು ಆ ಹಿಂಭಾಗದ ಸುರುಳಿಯಲ್ಲಿ.

ಫೈಬ್ರಾಯಿನ್ ಮಾಡುವ ಬರಹ ಇರುವುದು ಡಿಎನ್‌ಎಯಲ್ಲಿ. ಡಿಎನ್‌ಎ ಅಂದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಮೂಲ ದಾಖಲೆ ಇದ್ದ ಹಾಗೆ. ಅದು ಜೀವಕೋಶದ ಕೇಂದ್ರ ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದ ಪುಟದ ನಕಲು ಮಾತ್ರ ಹೊರಗೆ ಬರುತ್ತದೆ, ಪಹಣಿ ನಕಲು ತೆಗೆದುಕೊಂಡು ಬಂದ ಹಾಗೆ. ಆ ನಕಲೇ ಎಂಆರ್‌ಎನ್‌ಎ. ರೈಬೋಸೋಮ್ ಎಂಬ ಯಂತ್ರ, ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿರುವ ಆ ನಕಲನ್ನು ಮೂರು ಮೂರು ಅಕ್ಷರವಾಗಿ ಓದುತ್ತಾ ಅಮೈನೋ ಆಮ್ಲಗಳನ್ನು ಒಂದರ ಹಿಂದೆ ಒಂದು ಪೋಣಿಸುತ್ತದೆ. ಆ ಅಮೈನೋ ಆಮ್ಲಗಳನ್ನು ಹೊತ್ತು ತಂದು ಕೊಡುವುದೂ ಒಂದು ಆರ್‌ಎನ್‌ಎ. ಅದರ ಹೆಸರು ಟಿಆರ್‌ಎನ್‌ಎ. ಈ ಹೆಸರು ನೆನಪಿರಲಿ. ಮುಂದೆ ಕಥೆ ತಿರುಗುವುದು ಇದರಿಂದಲೇ.

ರೇಷ್ಮೆಹುಳುವಿನಲ್ಲಿ ಈ ನಕಲು ತೆಗೆಯುವ ಕೆಲಸ ಎಷ್ಟು ಭರಾಟೆಯಿಂದ ನಡೆಯುತ್ತದೆಂದರೆ, ಜೀವಶಾಸ್ತ್ರದ ದೊಡ್ಡ ಪಠ್ಯಗಳೇ ಇದನ್ನು ಉದಾಹರಣೆಯಾಗಿ ಕೊಡುತ್ತವೆ. ಫೈಬ್ರಾಯಿನ್‌ನ ಒಂದು ಜೀನಿನಿಂದ ಸುಮಾರು 10,000 ಎಂಆರ್‌ಎನ್‌ಎ ನಕಲು, ಒಂದೊಂದು ನಕಲಿನಿಂದ ಸುಮಾರು 1 ಲಕ್ಷ ಪ್ರೋಟೀನ್. ಅಂದರೆ ಕೆಲವೇ ದಿನಗಳಲ್ಲಿ ಒಂದು ಜೀನಿನಿಂದ 100 ಕೋಟಿ ಫೈಬ್ರಾಯಿನ್. ಗೂಡಿನ ಎಳೆ ಬರುವುದು ಹೀಗೆ. 1972ರಲ್ಲಿ ಯೋಷಿಯಾಕಿ ಸುಜುಕಿ ಮತ್ತು ಡೊನಾಲ್ಡ್ ಬ್ರೌನ್ ಈ ಗ್ರಂಥಿಯಿಂದ ಫೈಬ್ರಾಯಿನ್ ಎಂಆರ್‌ಎನ್‌ಎಯನ್ನು ಬೇರ್ಪಡಿಸಿ ಗುರುತಿಸಿದರು. ಯಾವುದೋ ಒಂದು ಪ್ರೋಟೀನಿನ ಎಂಆರ್‌ಎನ್‌ಎಯನ್ನು ಇಂಥದ್ದೇ ಎಂದು ಬೆರಳಿಟ್ಟು ತೋರಿಸಿದ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು. ಗುರುತಿಸಿದ ರೀತಿ ಸೊಗಸಾಗಿದೆ. ಫೈಬ್ರಾಯಿನ್‌ನಲ್ಲಿ ಗ್ಲೈಸೀನ್, ಅಲನೀನ್ ಎಂಬ ಎರಡು ಅಮೈನೋ ಆಮ್ಲಗಳೇ ಮುಕ್ಕಾಲು ಭಾಗ. ಗ್ಲೈಸೀನಿನ ಸಂಕೇತ 'ಜಿಜಿ'ಯಿಂದ, ಅಲನೀನಿನದು 'ಜಿಸಿ'ಯಿಂದ ಶುರುವಾಗುತ್ತದೆ. ಹಾಗಾದರೆ ಈ ನಕಲಿನಲ್ಲಿ 'ಜಿ' ಅಕ್ಷರ ವಿಪರೀತ ಇರಲೇಬೇಕು. ಅದನ್ನೇ ಹುಡುಕಿದರು, ಅದೇ ಸಿಕ್ಕಿತು. ನಮ್ಮ ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಹುಳುವಿನ ಹೊಟ್ಟೆಯಿಂದ ಆರ್‌ಎನ್‌ಎ ವಿಜ್ಞಾನದ ಒಂದು ಮುಖ್ಯ ಪುಟ ಬಂದಿದೆ ಎಂದು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿಸಲವೂ ಮೈ ನವಿರೇಳುತ್ತದೆ.

ಆದರೆ ಎಂಆರ್‌ಎನ್‌ಎ ಬಹಳ ನಾಜೂಕು. ಕೆಲಸ ಮುಗಿದ ನಕಲನ್ನು ಕೋಶವೇ ಚೂರು ಮಾಡಿ ಹಾಕುತ್ತದೆ. ಆರ್‌ಎನ್‌ಎ ಕತ್ತರಿಸುವ ಕಿಣ್ವಗಳು ನಮ್ಮ ಬೆರಳ ತುದಿಯಲ್ಲಿ, ಬೆವರಿನಲ್ಲಿ, ಎಂಜಲಿನಲ್ಲಿ ಎಲ್ಲೆಡೆ ಇವೆ. ಗ್ಲೌಸ್ ಇಲ್ಲದೆ ಮುಟ್ಟಿದರೆ ಮಾದರಿ ಹಾಳು. ನಾನು ಎಂ.ಎಸ್ಸಿ. ಮಾಡುವಾಗ ಮೊದಲ ಸಲ ರೇಷ್ಮೆಗ್ರಂಥಿಯಿಂದ ಆರ್‌ಎನ್‌ಎ ತೆಗೆದು, ಕಾಯಿಸಿ, ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿದೆ. ಪುಸ್ತಕದ ಪ್ರಕಾರ ರೈಬೋಸೋಮಿನೊಳಗಿನ ದೊಡ್ಡ, ಚಿಕ್ಕ ಆರ್‌ಎನ್‌ಎಗಳ ಎರಡು ದಪ್ಪ ಪಟ್ಟಿ ಕಾಣಬೇಕು. ನನಗೆ ಕಂಡದ್ದು ಒಂದೇ. ಆರ್‌ಎನ್‌ಎ ಒಡೆದುಹೋಗಿದೆ ಎಂದುಕೊಂಡು ಮೂರು ದಿನ ಮತ್ತೆ ಮತ್ತೆ ಮಾಡಿದೆ. ಆಮೇಲೆ ಹಿರಿಯರೊಬ್ಬರು ತಿಳಿಸಿ ಹೇಳಿದರು: ಅನೇಕ ಕೀಟಗಳ ದೊಡ್ಡ ರೈಬೋಸೋಮ್ ಆರ್‌ಎನ್‌ಎಯಲ್ಲಿ ನಡುವೆ ಒಂದು ಅಡಗಿದ ಕಡಿತ ಇರುತ್ತದೆ, ಕಾಯಿಸಿದರೆ ಅದು ಎರಡು ಹೋಳಾಗಿ, ಚಿಕ್ಕದರ ಜಾಗಕ್ಕೇ ಬಂದು ಕೂರುತ್ತದೆ. ಆದ್ದರಿಂದ ಒಂದೇ ಪಟ್ಟಿ. ಮನುಷ್ಯನ ಮಾದರಿಯಲ್ಲಿ ಹಾಗೆ ಕಂಡರೆ ಕೆಲಸ ಕೆಟ್ಟಿದೆ ಎಂದರ್ಥ. ರೇಷ್ಮೆಹುಳುವಿನ ಮಾದರಿಯಲ್ಲಿ ಸರಿಯಾಗಿಯೇ ಇದೆ ಎಂದರ್ಥ. ಕಣ್ಣಿಗೆ ಕಾಣುವುದು ಒಂದೇ, ಅರ್ಥ ಬೇರೆ. ಉಲ್ಲೇಖದ ಅಂಕಿಗಳ ವಿಷಯ ಬಂದಾಗಲೆಲ್ಲ ನನಗೆ ಆ ಜೆಲ್ ಕಣ್ಣ ಮುಂದೆ ಬರುತ್ತದೆ.

ಇಂಥ ನಾಜೂಕು ವಸ್ತುವನ್ನು ಔಷಧವಾಗಿ ಮಾಡುತ್ತೇನೆಂದು ಹೊರಟವರು ಕಟಲಿನ್ ಕರಿಕೊ. ಹುಟ್ಟಿದ್ದು 1955ರಲ್ಲಿ, ಹಂಗೇರಿಯಲ್ಲಿ. ಅಪ್ಪ ಕಸಾಯಿ ಅಂಗಡಿಯವರು. ಬೆಳೆದ ಮನೆಯಲ್ಲಿ ನಲ್ಲಿ ನೀರಿರಲಿಲ್ಲ, ಫ್ರಿಜ್ ಇರಲಿಲ್ಲ. ಸೆಗೆದ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ ಅಲ್ಲೇ ಸಂಶೋಧನೆ ಮಾಡುತ್ತಿದ್ದಾಗ ಹಣ ನಿಂತುಹೋಯಿತು. 1985ರಲ್ಲಿ ಗಂಡ, ಎರಡು ವರ್ಷದ ಮಗಳೊಂದಿಗೆ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೊರಟರು. ಕಾರು ಮಾರಿ ಬಂದ 900 ಪೌಂಡನ್ನು ಮಗಳ ಕರಡಿ ಬೊಂಬೆಯೊಳಗಿಟ್ಟು ಹೊಲಿದು ಗಡಿ ದಾಟಿಸಿದರು. ದೇಶದಿಂದ ಹಣ ಹೊರಗೊಯ್ಯಲು ಆಗ ಅಷ್ಟು ನಿರ್ಬಂಧ.

1989ರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ. ಅವರ ಆಲೋಚನೆ ಕೇಳಲು ಸರಳ: ದೇಹಕ್ಕೆ ಬೇಕಾದ ಪ್ರೋಟೀನನ್ನು ಕಾರ್ಖಾನೆಯಲ್ಲಿ ಮಾಡಿ ಚುಚ್ಚುವ ಬದಲು, ಅದರ ಎಂಆರ್‌ಎನ್‌ಎ ನಕಲನ್ನು ಕೊಟ್ಟರೆ ನಮ್ಮ ಕೋಶಗಳೇ ಪ್ರೋಟೀನ್ ಮಾಡಿಕೊಳ್ಳುತ್ತವೆ. ನಕಲು ಸ್ವಲ್ಪ ಹೊತ್ತಿಗೆ ತಾನೇ ನಾಶವಾಗುತ್ತದೆ, ಮೂಲ ದಾಖಲೆಯಾದ ಡಿಎನ್‌ಎಯ ತಂಟೆಗೆ ಹೋಗುವುದಿಲ್ಲ. ಎಲ್ಲರೂ ದೋಷ ಎಂದದ್ದೇ ಅವರಿಗೆ ಗುಣವಾಗಿ ಕಂಡಿತು. ಆದರೆ ಅನುದಾನಕ್ಕೆ ಅರ್ಜಿ ಹಾಕಿದಲ್ಲೆಲ್ಲ ತಿರಸ್ಕಾರ. 1995ರಲ್ಲಿ ಹುದ್ದೆಯಿಂದಲೇ ಕೆಳಗಿಳಿಸಿದರು. ಕೆಳಗಿನ ಹುದ್ದೆ, ಕಡಿಮೆ ಸಂಬಳದಲ್ಲಿ ಅವರು ಅಲ್ಲೇ ಉಳಿದರು, ಅದೇ ಎಂಆರ್‌ಎನ್‌ಎ ಹಿಡಿದುಕೊಂಡು.

1990ರ ದಶಕದ ಕೊನೆಯಲ್ಲಿ ಜೆರಾಕ್ಸ್ ಯಂತ್ರದ ಹತ್ತಿರ ಅವರಿಗೆ ಡ್ರೂ ವೈಸ್‌ಮನ್ ಎಂಬ ರೋಗನಿರೋಧಕ ಶಾಸ್ತ್ರದ ಸಂಶೋಧಕ ಪರಿಚಯವಾದರು. ಇಬ್ಬರೂ ಲೇಖನಗಳ ಪ್ರತಿ ತೆಗೆಯಲು ಬರುತ್ತಿದ್ದವರು. ವೈಸ್‌ಮನ್‌ಗೆ ಲಸಿಕೆ ಬೇಕಿತ್ತು, ಕರಿಕೊ ಎಂಆರ್‌ಎನ್‌ಎ ಮಾಡಿಕೊಡಬಲ್ಲವರಾಗಿದ್ದರು. ಹೀಗೆ ಜೊತೆಯಾದರು. ಆಗ ಎದುರಾದ ತೊಡಕೇ ಮುಂದಿನ ಎಲ್ಲದಕ್ಕೂ ಮೂಲ. ಪ್ರಯೋಗಾಲಯದಲ್ಲಿ ತಯಾರಿಸಿದ ಎಂಆರ್‌ಎನ್‌ಎ ಕೊಟ್ಟ ತಕ್ಷಣ ರೋಗನಿರೋಧಕ ಕೋಶಗಳು ರಂಪ ಮಾಡುತ್ತಿದ್ದವು. ಉರಿಯೂತದ ರಾಸಾಯನಿಕಗಳು ಸುರಿದು ಬರುತ್ತಿದ್ದವು. ಕೋಶದ ಕಡೆಯಿಂದ ನೋಡಿದರೆ ಅದು ಸರಿಯೇ. ಎಷ್ಟೋ ವೈರಸ್‌ಗಳು ಆರ್‌ಎನ್‌ಎಯನ್ನೇ ಹೊತ್ತು ಬರುತ್ತವೆ. ಹೊರಗಿನಿಂದ ಬಂದ ಆರ್‌ಎನ್‌ಎಯನ್ನು ಹಿಡಿದು ಕೂಗೆಬ್ಬಿಸಲು ಟೋಲ್-ಲೈಕ್ ರಿಸೆಪ್ಟರ್ ಎಂಬ ಕಾವಲುಗಾರರೇ ಇದ್ದಾರೆ.

ಹೋಲಿಕೆಗಾಗಿ ಅವರು ಬೇರೆ ಬೇರೆ ಆರ್‌ಎನ್‌ಎಗಳನ್ನೂ ಕೊಟ್ಟು ನೋಡುತ್ತಿದ್ದರು. ಅದರಲ್ಲಿ ಟಿಆರ್‌ಎನ್‌ಎ ಕೊಟ್ಟಾಗ ಕೋಶಗಳು ಸುಮ್ಮನಿದ್ದವು. ಕೂಗಿಲ್ಲ, ರಂಪವಿಲ್ಲ. ಟಿಆರ್‌ಎನ್‌ಎಯೂ ಆರ್‌ಎನ್‌ಎಯೇ ಅಲ್ಲವೇ? ವ್ಯತ್ಯಾಸ ಎಲ್ಲಿ? ಟಿಆರ್‌ಎನ್‌ಎಯ ಅಕ್ಷರಗಳಲ್ಲಿ ಹಲವು, ಬರೆದಾದ ಮೇಲೆ ತಿದ್ದಿದ ಅಕ್ಷರಗಳು. ಜೀವಕೋಶ ತನ್ನದೇ ಆರ್‌ಎನ್‌ಎಗೆ ಇಟ್ಟ ಗುರುತು ಎನ್ನಬಹುದು. ಅಂಥ ತಿದ್ದಿದ ಅಕ್ಷರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಸ್ಯೂಡೋಯುರಿಡಿನ್. ಆರ್‌ಎನ್‌ಎಯ 'ಯು' ಅಕ್ಷರ, ಅಂದರೆ ಯುರಿಡಿನ್‌ನಲ್ಲಿ ಸಕ್ಕರೆಗೆ ಜೋಡಣೆಯಾಗಿರುವುದು ಸಾರಜನಕದ ಮೂಲಕ. ಸ್ಯೂಡೋಯುರಿಡಿನ್‌ನಲ್ಲಿ ಇಂಗಾಲದ ಮೂಲಕ. ಪರಮಾಣುಗಳು ಅವೇ, ಎಣಿಕೆಯೂ ಅಷ್ಟೇ. ಅದೇ ಬಾಗಿಲು, ಅದೇ ಚೌಕಟ್ಟು, ತಿರುಗಣಿ ಮಾತ್ರ ಬೇರೆ ಪಕ್ಕದಲ್ಲಿ. ರೈಬೋಸೋಮ್ ಇದನ್ನು 'ಯು' ಎಂದೇ ಓದುತ್ತದೆ. ಕಾವಲುಗಾರ ಮಾತ್ರ ಹೊರಗಿನವನೆಂದು ಗುರುತು ಹಿಡಿಯುವುದಿಲ್ಲ. ಕರಿಕೊ ಮತ್ತು ವೈಸ್‌ಮನ್ ತಮ್ಮ ಎಂಆರ್‌ಎನ್‌ಎಯ 'ಯು'ಗಳ ಜಾಗದಲ್ಲಿ ಇದನ್ನು ಇಟ್ಟರು. ಕೋಶಗಳು ಸುಮ್ಮನಾದವು.

2005ರಲ್ಲಿ ಇದು ಇಮ್ಯುನಿಟಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ನೇಚರ್ ಪತ್ರಿಕೆಗೆ ಕಳಿಸಿದ್ದರು. ಇದ್ದದ್ದಕ್ಕೆ ಸಣ್ಣ ಸೇರ್ಪಡೆ ಎಂದು ಹಿಂದಿರುಗಿಸಿದರು ಎಂದು ಕರಿಕೊ ಆಮೇಲೆ ಹೇಳಿಕೊಂಡಿದ್ದಾರೆ. ಪ್ರಕಟವಾದ ಮೇಲೆ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ ಎಂದು ವೈಸ್‌ಮನ್ ನಂಬಿದ್ದರಂತೆ. ಫೋನ್ ಬರಲಿಲ್ಲ. 2008ರಲ್ಲಿ ಅದೇ ತಿದ್ದುಪಡಿಯಿಂದ ಪ್ರೋಟೀನ್ ಉತ್ಪತ್ತಿಯೂ ಹೆಚ್ಚುತ್ತದೆ ಎಂದು ತೋರಿಸಿದರು. ಆಗಲೂ ದೊಡ್ಡ ಸದ್ದಿಲ್ಲ. 2010ರಲ್ಲಿ ಡೆರಿಕ್ ರೋಸಿ ಎಂಬ ಕಾಂಡಕೋಶ ವಿಜ್ಞಾನಿಯ ತಂಡ ಈ ತಿದ್ದಿದ ಎಂಆರ್‌ಎನ್‌ಎ ಬಳಸಿ ಸಾಮಾನ್ಯ ಚರ್ಮದ ಕೋಶಗಳನ್ನು ಕಾಂಡಕೋಶಗಳಾಗಿ ಬದಲಾಯಿಸಿತು. ಅದೇ ವರ್ಷ ಮಾಡರ್ನಾ ಕಂಪನಿ ಹುಟ್ಟಿತು. 2013ರಲ್ಲಿ ಕರಿಕೊ ವಿಶ್ವವಿದ್ಯಾಲಯ ಬಿಟ್ಟು ಜರ್ಮನಿಯ ಬಯೋಎನ್‌ಟೆಕ್ ಸೇರಿದರು. 2020ರ ಕೊನೆಗೆ ಫೈಜರ್-ಬಯೋಎನ್‌ಟೆಕ್ ಮತ್ತು ಮಾಡರ್ನಾದ ಕೋವಿಡ್ ಲಸಿಕೆಗಳು ಬಂದವು. ಎರಡರಲ್ಲೂ ಇದ್ದದ್ದು ಸ್ಯೂಡೋಯುರಿಡಿನ್‌ನ ಇನ್ನೂ ಸುಧಾರಿಸಿದ ರೂಪ, ಎನ್1-ಮೀಥೈಲ್ ಸ್ಯೂಡೋಯುರಿಡಿನ್. 2023ರಲ್ಲಿ ಇಬ್ಬರಿಗೂ ವೈದ್ಯಕೀಯ ನೊಬೆಲ್.

ನಮ್ಮ ತಾಲ್ಲೂಕಿನಲ್ಲಿ ಬಹಳ ಮಂದಿ ಹಾಕಿಸಿಕೊಂಡದ್ದು ಕೋವಿಶೀಲ್ಡ್, ಕೆಲವರು ಕೋವ್ಯಾಕ್ಸಿನ್. ಇವೆರಡೂ ಎಂಆರ್‌ಎನ್‌ಎ ಲಸಿಕೆಗಳಲ್ಲ, ವಿದ್ಯಾರ್ಥಿಗಳು ಇದನ್ನು ಬೆರೆಸಿಬಿಡುತ್ತಾರೆ. ಕೋವ್ಯಾಕ್ಸಿನ್ ಸತ್ತ ವೈರಸ್. ಕೋವಿಶೀಲ್ಡ್ ಒಂದು ನಿರಪಾಯ ವೈರಸ್ಸಿನೊಳಗಿಟ್ಟು ಡಿಎನ್‌ಎಯನ್ನು ನಮ್ಮ ಕೋಶಕ್ಕೆ ಕಳಿಸುತ್ತದೆ. ಅದರಿಂದ ಎಂಆರ್‌ಎನ್‌ಎ ನಕಲು ತೆಗೆಯುವ ಕೆಲಸ ನಮ್ಮ ಕೋಶದ್ದೇ. ಪುಣೆಯ ಜೆನ್ನೋವಾ ತಯಾರಿಸಿದ ಎಂಆರ್‌ಎನ್‌ಎ ಲಸಿಕೆಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2022ರಲ್ಲಿ.

ಈಗ ಅಂಕಿಗೆ ಬರೋಣ.

ಯಾವುದೇ ಸಂಶೋಧನಾ ಪ್ರಬಂಧದ ಕೊನೆಯಲ್ಲಿ, ಯಾರ ಯಾರ ಕೆಲಸದ ಮೇಲೆ ನಿಂತು ಇದನ್ನು ಮಾಡಿದೆವು ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಪ್ರಬಂಧದ ಹೆಸರು ಬಂದರೆ ನಿಮಗೆ ಒಂದು ಉಲ್ಲೇಖ, ಅಂದರೆ ಸೈಟೇಷನ್. ಇದನ್ನು ವ್ಯವಸ್ಥಿತವಾಗಿ ಎಣಿಸಲು ಶುರು ಮಾಡಿದವರು ಯೂಜೀನ್ ಗಾರ್ಫೀಲ್ಡ್. 1955ರಲ್ಲಿ ಸೂಚಿಸಿದರು, 1960ರ ದಶಕದಲ್ಲಿ ಸೂಚಿಯನ್ನೇ ಪ್ರಕಟಿಸಿದರು. ಅವರಿಗೆ ಮಾದರಿ ಸಿಕ್ಕಿದ್ದು ಕೋರ್ಟಿನಿಂದ. ಹಳೆಯ ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಕೊಂಡಿವೆ ಎಂದು ವಕೀಲರು ನೋಡಲು ಅಮೆರಿಕದಲ್ಲಿ ಅದಾಗಲೇ ಪುಸ್ತಕಗಳಿದ್ದವು. ಗಾರ್ಫೀಲ್ಡ್‌ರ ಮೂಲ ಉದ್ದೇಶ ಹುಡುಕಾಟ: ಒಂದು ಆಲೋಚನೆ ಮುಂದೆ ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸುವುದು. ಅದು ಮನುಷ್ಯರನ್ನು ತೂಗುವ ತಕ್ಕಡಿಯಾದದ್ದು ಆಮೇಲೆ.

ಆ ತಕ್ಕಡಿಗಳಲ್ಲಿ ಹೆಚ್ಚು ಹೆಸರಾದದ್ದು ಎಚ್-ಇಂಡೆಕ್ಸ್. ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಇದನ್ನು ಹೇಳಿದ್ದು 2005ರಲ್ಲಿ, ಕರಿಕೊ ಅವರ ಪ್ರಬಂಧ ಬಂದ ವರ್ಷವೇ. ಲೆಕ್ಕ ಹೀಗೆ. ಒಬ್ಬರ ಆರು ಪ್ರಬಂಧಗಳಿಗೆ 40, 22, 9, 5, 4, 1 ಉಲ್ಲೇಖ ಬಂದಿವೆ ಎನ್ನಿ. ಹೆಚ್ಚಿನದರಿಂದ ಇಳಿಯುತ್ತಾ ಎಣಿಸಿ. ನಾಲ್ಕನೆಯದಕ್ಕೆ 5 ಇದೆ, ನಾಲ್ಕಕ್ಕಿಂತ ಕಡಿಮೆಯಿಲ್ಲ. ಐದನೆಯದಕ್ಕೆ 4 ಮಾತ್ರ, ಐದಕ್ಕೆ ಸಾಲದು. ಆದ್ದರಿಂದ ಅವರ ಎಚ್-ಇಂಡೆಕ್ಸ್ 4. ಸಿ.ಎನ್.ಆರ್. ರಾವ್ ಅವರ ಎಚ್-ಇಂಡೆಕ್ಸ್ 2013ರಲ್ಲಿ 100 ಮುಟ್ಟಿದಾಗ ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು. ಅಂದರೆ ತಲಾ 100 ಅಥವಾ ಹೆಚ್ಚು ಉಲ್ಲೇಖ ಪಡೆದ 100 ಪ್ರಬಂಧಗಳು. ದಶಕಗಳ ನಿರಂತರ ದುಡಿಮೆ ಇಲ್ಲದೆ ಅದು ಬರುವುದಿಲ್ಲ, ಅದನ್ನು ಈ ಅಳತೆ ಸರಿಯಾಗಿಯೇ ಹಿಡಿಯುತ್ತದೆ.

ಹಿಡಿಯದೆ ಬಿಡುವುದೂ ಇದೆ. ಒಬ್ಬರು ಜೀವನದಲ್ಲಿ ಎರಡೇ ಪ್ರಬಂಧ ಬರೆದು, ಒಂದೊಂದಕ್ಕೂ 5,000 ಉಲ್ಲೇಖ ಬಂದರೂ ಎಚ್-ಇಂಡೆಕ್ಸ್ 2. ಒಂದೇ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಕೂತವರಿಗೆ ಈ ಲೆಕ್ಕದಲ್ಲಿ ಜಾಗ ಕಡಿಮೆ. 2006ರಲ್ಲೋ 2007ರಲ್ಲೋ ಯಾರಾದರೂ ಈ ಹೊಸ ತಕ್ಕಡಿಯಲ್ಲಿ 2005ರ ಆ ಪ್ರಬಂಧವನ್ನು ಇಟ್ಟು ತೂಗಿದ್ದರೆ ಮುಳ್ಳು ಹೆಚ್ಚೇನೂ ಅಲ್ಲಾಡುತ್ತಿರಲಿಲ್ಲ. ಇವತ್ತು ಅದೇ ಪ್ರಬಂಧಕ್ಕೆ ಸಾವಿರಾರು ಉಲ್ಲೇಖಗಳಿವೆ. ನಡುವೆ ಅದರ ಒಂದು ಪದವೂ ಬದಲಾಗಿಲ್ಲ, ಅದರಲ್ಲಿ ಬರೆದ ಪ್ರಯೋಗ 2005ರಲ್ಲಿ ಎಷ್ಟು ಸರಿಯಿತ್ತೋ ಈಗಲೂ ಅಷ್ಟೇ ಸರಿ. ಬದಲಾದದ್ದು ಅದನ್ನು ಬಳಸುವ ಕೈಗಳ ಸಂಖ್ಯೆ. ನನಗೆ ಈ ಒಂದು ಮಾತು ಎಲ್ಲಕ್ಕಿಂತ ಮುಖ್ಯ. ಉಲ್ಲೇಖದ ಎಣಿಕೆ ಕೆಲಸದ ಹಿಂದೆ ಬರುತ್ತದೆ, ಕೆಲವೊಮ್ಮೆ ಬಹಳ ಹಿಂದೆ. ಹುದ್ದೆ, ಅನುದಾನ ಕೊಡುವ ತೀರ್ಮಾನ ಮಾತ್ರ ಅದಕ್ಕಿಂತ ಮುಂಚೆ ಆಗಬೇಕಾಗುತ್ತದೆ. ನೂಲು ಬಿಚ್ಚುವ ಮುಂಚೆಯೇ ರೆಂಡಿಟ್ಟಾ ಕೇಳಿದ ಹಾಗೆ.

ಇಂಥ ಪ್ರಬಂಧಗಳನ್ನು ಅಧ್ಯಯನ ಮಾಡುವವರೂ ಇದ್ದಾರೆ. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಮಲಗಿದ್ದು, ಒಂದು ದಿನ ಎದ್ದು ಕೂರುವ ಪ್ರಬಂಧಗಳ ಬಗ್ಗೆ ಡಚ್ ಸಂಶೋಧಕ ಆಂಟನಿ ವಾನ್ ರಾನ್ 2004ರಲ್ಲಿ ಬರೆದರು. ಆರ್‌ಎನ್‌ಎ ಕ್ಷೇತ್ರದಲ್ಲಿ ಇದಕ್ಕೆ ಇನ್ನೊಂದು ಉದಾಹರಣೆ ಕೈಗೆಟುಕುವಂತಿದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ತಂಡ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ 22 ಅಕ್ಷರಗಳಷ್ಟೇ ಇರುವ ಪುಟ್ಟ ಆರ್‌ಎನ್‌ಎ ಕಂಡುಹಿಡಿಯಿತು. ಅದು ಯಾವ ಪ್ರೋಟೀನನ್ನೂ ಮಾಡುವುದಿಲ್ಲ. ಬೇರೊಂದು ಎಂಆರ್‌ಎನ್‌ಎಗೆ ಹೋಗಿ ಅಂಟಿಕೊಂಡು ಅದನ್ನು ಸುಮ್ಮನಾಗಿಸುತ್ತದೆ. ಅಂಟುವುದು ಹೇಗೆಂದು ತೋರಿಸಿದ ಗ್ಯಾರಿ ರುವ್ಕುನ್ ತಂಡದ ಪ್ರಬಂಧವೂ ಅದೇ ಸಂಚಿಕೆಯಲ್ಲಿತ್ತು. ಆ ಹುಳುವಿನ ಯಾವುದೋ ವಿಚಿತ್ರ ಇರಬೇಕೆಂದು ಬಹುತೇಕರು ಪಕ್ಕಕ್ಕಿಟ್ಟರು. ಏಳು ವರ್ಷ ಕಳೆದು, 2000ದಲ್ಲಿ ರುವ್ಕುನ್ ತಂಡ ಎರಡನೆಯ ಪುಟ್ಟ ಆರ್‌ಎನ್‌ಎ ಕಂಡುಹಿಡಿದು, ಅದು ಮನುಷ್ಯರಲ್ಲೂ ಇದೆ ಎಂದು ತೋರಿಸಿತು. ಆಮೇಲೆ ಪ್ರವಾಹ. ಮೈಕ್ರೋಆರ್‌ಎನ್‌ಎ ಎಂಬ ಇಡೀ ಕ್ಷೇತ್ರ ತೆರೆದುಕೊಂಡಿತು. 2024ರ ವೈದ್ಯಕೀಯ ನೊಬೆಲ್ ಈ ಇಬ್ಬರದು. ಇದಕ್ಕೆ ತದ್ವಿರುದ್ಧವಾಗಿ, ಎರಡೆಳೆಯ ಆರ್‌ಎನ್‌ಎ ಜೀನುಗಳ ಬಾಯಿ ಮುಚ್ಚಿಸುತ್ತದೆ ಎಂದು 1998ರಲ್ಲಿ ತೋರಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ ಎಂಟೇ ವರ್ಷದಲ್ಲಿ, 2006ರಲ್ಲಿ ನೊಬೆಲ್ ಬಂತು. ಒಂದೇ ಜಾತಿಯ ಹುಳು, ಹೆಚ್ಚುಕಡಿಮೆ ಒಂದೇ ಕಾಲ. ಒಂದಕ್ಕೆ ಗಮನ ಕೂಡಲೇ, ಇನ್ನೊಂದಕ್ಕೆ ತಡವಾಗಿ.

ಹಾಗಾದರೆ ಆರ್‌ಎನ್‌ಎ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖ ಯಾವ ಬಗೆಯ ಪ್ರಬಂಧಕ್ಕೆ? ನನ್ನ ವಿದ್ಯಾರ್ಥಿನಿ ನೊಬೆಲ್ ಪಡೆದ ಯಾವುದೋ ಸಂಶೋಧನೆಗೆ ಎಂದುಕೊಂಡಿದ್ದಳು. ಅಲ್ಲ. 1987ರಲ್ಲಿ ಪಿಯೋಟರ್ ಚೋಮ್‌ಚಿನ್ಸ್ಕಿ ಮತ್ತು ನಿಕೊಲೆಟ್ಟಾ ಸಾಕ್ಕಿ ಬರೆದ ನಾಲ್ಕು ಪುಟದ ಪ್ರಬಂಧವೊಂದಿದೆ. ವಿಷಯ ಇಷ್ಟೇ: ಅಂಗಾಂಶದಿಂದ ಆರ್‌ಎನ್‌ಎಯನ್ನು ಕೆಡದಂತೆ, ಕೆಲವೇ ಗಂಟೆಯಲ್ಲಿ ಬೇರ್ಪಡಿಸುವುದು ಹೇಗೆ. ಅಡುಗೆ ಪುಸ್ತಕದ ಹಾಗೆ. ಗ್ವಾನಿಡೀನ್ ಲವಣ ಹಾಕಿ ಕಿಣ್ವಗಳನ್ನು ನಿಷ್ಕ್ರಿಯಗೊಳಿಸಿ, ಹುಳಿ ಗುಣದ ಫೀನಾಲ್ ಮತ್ತು ಕ್ಲೋರೋಫಾರ್ಮ್ ಸೇರಿಸಿ ತಿರುಗಿಸಿದರೆ ಮೇಲಿನ ತಿಳಿನೀರಿನಲ್ಲಿ ಆರ್‌ಎನ್‌ಎ ಉಳಿಯುತ್ತದೆ. 2014ರಲ್ಲಿ ನೇಚರ್ ಪತ್ರಿಕೆ ವಿಜ್ಞಾನದ ಇತಿಹಾಸದಲ್ಲೇ ಅತಿ ಹೆಚ್ಚು ಉಲ್ಲೇಖವಾದ ಪ್ರಬಂಧಗಳ ಪಟ್ಟಿ ಮಾಡಿದಾಗ ಇದು ಐದನೆಯದು, 60,000ಕ್ಕೂ ಹೆಚ್ಚು ಉಲ್ಲೇಖ. ನಾನು ಎಂ.ಎಸ್ಸಿ.ಯಲ್ಲಿ ಮಾಡಿದ್ದೂ ಇದೇ ವಿಧಾನ.

ಇನ್ನೊಂದು 2001ರದು, ಲಿವಾಕ್ ಮತ್ತು ಶ್ಮಿಟ್‌ಗೆನ್ ಬರೆದದ್ದು. ಕೋವಿಡ್ ಕಾಲದಲ್ಲಿ ಪರೀಕ್ಷೆಯ ವರದಿಯಲ್ಲಿ 'ಸಿಟಿ ವ್ಯಾಲ್ಯೂ' ಎಂದು ಬರುತ್ತಿತ್ತಲ್ಲ, ಎಷ್ಟೋ ಮಂದಿ ಅದನ್ನು ಸಿ.ಟಿ. ಸ್ಕ್ಯಾನ್ ಎಂದುಕೊಂಡಿದ್ದರು. ಮೂಗಿನ ದ್ರವದ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ತಿರುಗಿಸಿ, ಒಂದೊಂದು ಸುತ್ತಿಗೂ ಇಮ್ಮಡಿ ಮಾಡುತ್ತಾ ಹೋದರೆ ಎಷ್ಟನೇ ಸುತ್ತಿಗೆ ಕಾಣಿಸಿಕೊಂಡಿತು ಎಂಬುದೇ ಆ ಅಂಕಿ. ಮೂರು ಸುತ್ತು ಮುಂಚೆ ಕಾಣಿಸಿದರೆ ಎಂಟು ಪಟ್ಟು ಹೆಚ್ಚಿತ್ತೆಂದು ಅರ್ಥ. ಇದೇ ಸುತ್ತುಗಳ ಅಂತರದಿಂದ ಎರಡು ಮಾದರಿಗಳ ಆರ್‌ಎನ್‌ಎ ಪ್ರಮಾಣ ಹೋಲಿಸುವ ಸೂತ್ರವನ್ನು ಆ ಪ್ರಬಂಧ ವಿವರಿಸುತ್ತದೆ. ಅದಕ್ಕೆ ಬಂದ ಉಲ್ಲೇಖ ಲಕ್ಷ ದಾಟಿದೆ.

ಈ ಎರಡನ್ನೂ ನಾನು ಬಹಳ ಗೌರವದಿಂದ ನೋಡುತ್ತೇನೆ. ಮನೆ ಕಟ್ಟುವಾಗ ಮಟ್ಟಗೋಲು, ತೂಗುಗುಂಡು ಬೇಕೇ ಬೇಕು. ಆದರೆ ಪ್ರತಿ ಮನೆಗೂ ಮಟ್ಟಗೋಲು ಬೇಕಾಯಿತೆಂದು ಅದನ್ನು ಮನೆಯ ಜೊತೆ ತೂಗಲಾಗದು. ವಿಧಾನದ ಪ್ರಬಂಧಕ್ಕೆ ಬರುವ ಉಲ್ಲೇಖ ಒಂದು ಬಗೆ, ಹೊಸ ಅರಿವಿಗೆ ಬರುವುದು ಇನ್ನೊಂದು ಬಗೆ. ಹಳೆಯದನ್ನೆಲ್ಲ ಒಟ್ಟುಗೂಡಿಸುವ ವಿಮರ್ಶಾ ಲೇಖನಕ್ಕೆ ಬರುವುದು ಮೂರನೆಯದು. ತಪ್ಪು ಎಂದು ತೋರಿಸಲು ಎತ್ತಿಕೊಂಡರೂ ಎಣಿಕೆಯಲ್ಲಿ ಅದು ಒಂದೇ. ಇನ್ನು ಕೆಲವು ಆವಿಷ್ಕಾರಗಳು ಎಷ್ಟು ಬೆರೆತುಹೋಗುತ್ತವೆಂದರೆ ಯಾರೂ ಮೂಲವನ್ನು ಉಲ್ಲೇಖಿಸುವುದೇ ಇಲ್ಲ. ಡಿಎನ್‌ಎ ಎರಡೆಳೆಯ ಸುರುಳಿ ಎಂದು ಬರೆಯುವಾಗ ಈಗ ಯಾರು ವಾಟ್ಸನ್-ಕ್ರಿಕ್ ಪ್ರಬಂಧವನ್ನು ಪಟ್ಟಿಗೆ ಸೇರಿಸುತ್ತಾರೆ?

ಹೆಸರುಗಳ ಸಾಲನ್ನೂ ಓದಲು ಕಲಿಯಬೇಕು. ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. 2005ರ ಪ್ರಬಂಧದಲ್ಲಿ ನಾಲ್ಕು ಹೆಸರುಗಳಿವೆ. ಮೊದಲನೆಯದು ಕರಿಕೊ, ಕೊನೆಯದು ವೈಸ್‌ಮನ್. ಎಣಿಸುವ ಯಂತ್ರ ನಾಲ್ವರಿಗೂ ಒಂದೇ ಅಂಕಿ ಕೊಡುತ್ತದೆ.

ಇನ್ನೊಂದು ಸಂಗತಿ, ನಮ್ಮ ಪಕ್ಕದ್ದು. ಹುಳು ಸಾಕುವವರ ಎದೆ ನಡುಗಿಸುವ ರೋಗಗಳಲ್ಲಿ ಹಾಲುತೊಂಡೆ ಒಂದು. ನಾಲ್ಕು ಜ್ವರ ದಾಟಿದ ಹುಳು ಊದಿ, ಚರ್ಮ ಒಡೆದು ಹಾಲಿನಂಥ ದ್ರವ ಸುರಿಸುತ್ತಾ ತಟ್ಟೆಯ ಅಂಚಿಗೆ ತೆವಳಿ ಸಾಯುತ್ತದೆ. ಇದಕ್ಕೆ ಕಾರಣ ಒಂದು ವೈರಸ್. ಹೈದರಾಬಾದಿನ ಸಿಡಿಎಫ್‌ಡಿ ಎಂಬ ಡಿಎನ್‌ಎ ಸಂಶೋಧನಾ ಕೇಂದ್ರದಲ್ಲಿದ್ದ ಜವರೇಗೌಡ ನಾಗರಾಜು ಅವರ ತಂಡ, ಗೌರಿಬಿದನೂರಿನ ಗಡಿಗೆ ಅಂಟಿಕೊಂಡ ಹಿಂದೂಪುರದ ರೇಷ್ಮೆ ಸಂಶೋಧಕರು ಮತ್ತು ಫ್ರಾನ್ಸಿನವರ ಜೊತೆ ಸೇರಿ, ಫೈರ್-ಮೆಲ್ಲೊ ತೋರಿಸಿದ ಆರ್‌ಎನ್‌ಎ ದಾರಿಯಲ್ಲೇ ಆ ವೈರಸ್ಸಿನ ಹಲವು ಜೀನುಗಳನ್ನು ಒಟ್ಟಿಗೆ ಅಡಗಿಸುವ ಹುಳುಗಳನ್ನು ರೂಪಿಸಿತು. ನಾಗರಾಜು 2012ರ ಕೊನೆಯ ದಿನ ತೀರಿಕೊಂಡರು. ಪ್ರಬಂಧ ಜೆನೆಟಿಕ್ಸ್ ಪತ್ರಿಕೆಯ 2013ರ ಸಂಚಿಕೆಯಲ್ಲಿದೆ. ರೇಷ್ಮೆಹುಳುವಿನ ಮೇಲೆ ಕೆಲಸ ಮಾಡುವವರು ಲೋಕದಲ್ಲಿ ಎಷ್ಟು ಮಂದಿ? ಕ್ಯಾನ್ಸರ್ ಮೇಲೆ ಕೆಲಸ ಮಾಡುವವರು ಎಷ್ಟು? ಉಲ್ಲೇಖ ಬರೆಯುವ ಕೈಗಳೇ ಕಡಿಮೆ ಇರುವ ಕ್ಷೇತ್ರದ ಅಂಕಿಯನ್ನು ಕ್ಯಾನ್ಸರ್ ಕ್ಷೇತ್ರದ ಅಂಕಿಯ ಪಕ್ಕದಲ್ಲಿಟ್ಟು ನೋಡುವುದು ನ್ಯಾಯವಲ್ಲ. ಹಾಲುತೊಂಡೆಯಿಂದ ಬೆಳೆ ಕಳೆದುಕೊಂಡ ನಮ್ಮೂರಿನವರಿಗೆ ಆ ಕೆಲಸ ಎಷ್ಟು ದೊಡ್ಡದೆಂದು ಯಾವ ಸೂಚಿಯಲ್ಲೂ ಬರೆದಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗಿ ಮತ್ತೆ ಮೊಬೈಲ್ ತೆಗೆದಳು. ಈ ಸಲ ಒಟ್ಟು ಅಂಕಿಯನ್ನು ಬಿಟ್ಟು, ವರ್ಷವರ್ಷಕ್ಕೆ ಒಂದೊಂದು ಕಂಬವಿದ್ದ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಬಲಗಡೆಯ ಎತ್ತರದ ಕಂಬಗಳಿಂದ ಎಡಕ್ಕೆ ಸರಿಸುತ್ತಾ ಹೋಗಿ, ನೆಲಕ್ಕೆ ಹತ್ತಿಕೊಂಡಿದ್ದ ಗಿಡ್ಡ ಕಂಬಗಳ ಹತ್ತಿರ ನಿಂತಳು. "ಇವರ ಪೇಪರಲ್ಲಿ ಮೊದ್ಲು ಯಾವುದು ಓದ್ಲಿ ಮೇಡಂ?" ಎಂದಳು. 2005ರದನ್ನು ಓದು ಎಂದೆ.

ಮುಂದಿನ ವಾರ ಅದನ್ನು ಪ್ರಿಂಟ್ ತೆಗೆಸಿಕೊಂಡು ಬಂದಿದ್ದಳು. ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ, ಕನ್ನಡದಲ್ಲೇ ಬರೆದಿದ್ದಳು: ಟಿಆರ್‌ಎನ್‌ಎ ಕೊಟ್ಟಾಗ ಕೋಶ ಸುಮ್ಮನಿತ್ತಲ್ಲ, ನಮ್ಮ ರೇಷ್ಮೆಹುಳದ ಟಿಆರ್‌ಎನ್‌ಎ ಕೊಟ್ಟರೂ ಸುಮ್ಮನಿರುತ್ತಾ?